ಎರಡು ರಿಂಗು ಕೊಟ್ಟು ಇಡುವುದು

ನಮ್ಮ ಮನೆಯಲ್ಲಿ ಫೋನು ರಿಂಗಾದರೆ ನಾನು ಕೂಡಲೇ ಎತ್ತುವುದಿಲ್ಲ. ಪಕ್ಕದಲ್ಲೇ ಕೂತಿದ್ದರೂ ಎತ್ತುವುದಿಲ್ಲ. ಎಣಿಸುತ್ತೇನೆ. ಎರಡಕ್ಕೆ ನಿಂತುಹೋದರೆ ಮನಸ್ಸಿಗೆ ನೆಮ್ಮದಿ. ಮೂರಾದರೆ ಸ್ವಲ್ಪ ಕಸಿವಿಸಿ. ನಾಲ್ಕಾದರೆ ನನ್ನ ಕಾಲು ತಾನಾಗಿ ಬೂಟು ಹುಡುಕತೊಡಗುತ್ತದೆ. ಇಷ್ಟೆಲ್ಲ ಮುಗಿಸಿ ನಾನು ಹಲೋ ಅನ್ನುವಷ್ಟರಲ್ಲಿ ಅತ್ತಲಿನವರು ಸಾಕಾಗಿ ಇಟ್ಟುಬಿಟ್ಟಿರುತ್ತಾರೆ. ಗ್ಯಾಸಿನವನು ಎರಡು ಸಲ ವಾಪಸು ಹೋಗಿದ್ದಾನೆ. ನನ್ನ ಹೆಂಡತಿ ಈ ವಿಷಯದಲ್ಲಿ ಜಗಳವಾಡುವುದನ್ನೂ ಬಿಟ್ಟಿದ್ದಾಳೆ. ಎಂಟು ವರ್ಷದ ಮಗಳು ಮಾತ್ರ ಬಿಟ್ಟಿಲ್ಲ. "ಅಪ್ಪಾ, ಫೋನ್ ಎತ್ತೋದ್ ಬಿಟ್ಟು ಅದೇನ್ ಲೆಕ್ಕ ಮಾಡ್ತಾ ಕೂತಿರ್ತೀಯ?" ಎಂದು ಮೊನ್ನೆಯೂ ಕೇಳಿದಳು.

ಈ ಚಟ ನನಗೆ ಹತ್ತಿದ್ದು ರಾಜಸ್ಥಾನದ ಮರುಭೂಮಿಯಲ್ಲಿ. ನಗಬೇಡಿ. ಈಗ ಹೊಟ್ಟೆ ಬಂದು, ಮಂಡಿ ನೋವಿನ ಮುಲಾಮು ಹಚ್ಚಿಕೊಂಡು ಓಡಾಡುವ ನಾನು, ಹತ್ತು ಹನ್ನೆರಡು ವರ್ಷದ ಹಿಂದೆ ಬೆಂಗಳೂರಿನಿಂದ ಜೈಸಲ್ಮೇರಿನವರೆಗೆ ಮೋಟಾರ್ ಸೈಕಲಿನಲ್ಲಿ ಒಬ್ಬನೇ ಹೋಗಿದ್ದೆ. ಆ ‘ಒಬ್ಬನೇ’ ಎನ್ನುವ ಮಾತಿನ ಮೇಲೆ ಸ್ವಲ್ಪ ತಕರಾರು ಇದೆ. ಅದನ್ನು ಮುಂದೆ ಹೇಳುತ್ತೇನೆ.

ನನಗೆ ಒಬ್ಬನೇ ಇರುವ ಹುಚ್ಚು ಏಕೆ ಹಿಡಿಯಿತು ಎಂದು ತಿಳಿಯಬೇಕಾದರೆ ನೀವು ಹಲಸೂರು ಕೆರೆಯ ಹಿಂಬದಿಯಲ್ಲಿದ್ದ ನಮ್ಮ ವಠಾರವನ್ನು ನೋಡಿರಬೇಕಿತ್ತು. ಎಂಟು ಮನೆ, ಎರಡು ನಲ್ಲಿ, ಒಂದು ಬಚ್ಚಲು. ನಮ್ಮ ಎರಡು ಕೋಣೆಗಳಲ್ಲಿ ಅವ್ವ, ಅಣ್ಣ, ಅತ್ತಿಗೆ, ಅವರ ಮೂರು ಮಕ್ಕಳು ಮತ್ತು ಮದುವೆಯಾಗದ ನಾನು. ನಾನು ಮಲಗುತ್ತಿದ್ದುದು ಹೊಸ್ತಿಲಿಗೆ ಅಡ್ಡಲಾಗಿ. ಬೆಳಗ್ಗೆ ಎದ್ದವರೆಲ್ಲ ಮೊದಲು ನನ್ನನ್ನು ದಾಟಬೇಕು. ಬಚ್ಚಲಿಗೆ ಹೋಗಿ ಚಿಲಕ ಹಾಕಿ ಎರಡು ಚೊಂಬು ಹಾಕಿಕೊಳ್ಳುವಷ್ಟರಲ್ಲಿ ಹೊರಗಿನಿಂದ ಯಾರಾದರೂ "ಆಯ್ತಾ?" ಅನ್ನುತ್ತಿದ್ದರು. ಇಪ್ಪತ್ತೆಂಟು ವರ್ಷ ನಾನು ಎಲ್ಲಿ ಹೋದರೂ ಹೊರಗೆ ಯಾರೋ ನಿಂತು "ಆಯ್ತಾ?" ಅನ್ನುತ್ತಲೇ ಇದ್ದರು. ಬೈಯಪ್ಪನಹಳ್ಳಿ ಕಡೆಯ ಕಾರ್ಖಾನೆಯಲ್ಲಿ ನಾನು ಫಿಟ್ಟರ್. ಅಲ್ಲಿ ಒಂದೇ ಬೆಂಚಿಗೆ ನಾಲ್ಕು ಜನ. ಒಂದು ದಿನ, ಒಂದೇ ಒಂದು ದಿನ, ಸುತ್ತ ಯಾರೂ ಇಲ್ಲದ ಕಡೆ ಕೂತು, ಯಾರೂ "ಆಯ್ತಾ?" ಅನ್ನದೆ ಇರುವುದು ಹೇಗಿರುತ್ತದೆ ಎಂದು ನೋಡಬೇಕು ಅನ್ನಿಸಿತ್ತು. ಅಷ್ಟೇ ನನ್ನ ಆಸೆ.

ಆದರೆ ಅದಕ್ಕೆ ಮರುಭೂಮಿಯೇ ಏಕೆ? ಲಾಲ್‌ಬಾಗಿನಲ್ಲಿ ಒಂದು ಬೆಂಚು ಸಾಕಿತ್ತಲ್ಲ ಎಂದು ನೀವು ಕೇಳಬಹುದು. ಅದಕ್ಕೆ ಕಾರಣ ಓಲ್ಡ್ ಮದರಾಸ್ ರೋಡು. ಹಲಸೂರಿಗೆ ಬರುವ ಮೊದಲು ನಾವಿದ್ದುದು ಬೈಯಪ್ಪನಹಳ್ಳಿಯಲ್ಲಿ, ಆ ರಸ್ತೆಗೆ ಬೆನ್ನು ಹಾಕಿದ ಒಂದು ಬಾಡಿಗೆ ಕೋಣೆಯಲ್ಲಿ. ಅಪ್ಪ ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ರಸ್ತೆಯ ಪಕ್ಕದಲ್ಲಿ ಒಂದು ಹಳೆಯ ಮೈಲಿಗಲ್ಲು ಇತ್ತು. ಮದರಾಸಿಗೆ ಎಷ್ಟು ಮೈಲಿ ಎಂಬುದು ಸವೆದುಹೋಗಿ ಮದರಾಸು ಮಾತ್ರ ಉಳಿದಿತ್ತು. ಈ ರಸ್ತೆಯಲ್ಲಿ ಹಿಂದೆ ಸೈನ್ಯಗಳು ಓಡಾಡಿದ್ದವು ಎಂದು ಸ್ಕೂಲಿನ ಮೇಷ್ಟರು ಹೇಳುತ್ತಿದ್ದರು. ನಾನು ಆ ಕಲ್ಲಿನ ಮೇಲೆ ಕೂತು ಕಾದರೂ ಬಂದದ್ದು ಲಾರಿಗಳು ಮಾತ್ರ. ಅದರಲ್ಲಿ ರಾಜಸ್ಥಾನದಿಂದ ಹಾಸುಗಲ್ಲು ತರುತ್ತಿದ್ದ ಲಾರಿಗಳ ಹಿಂದೆ ಒಂಟೆಯ ಚಿತ್ರ ಇರುತ್ತಿತ್ತು. ಒಮ್ಮೆ ಅಂಥ ಲಾರಿಯ ಪೇಟದ ಡ್ರೈವರ್ ಚಹಾಕ್ಕೆ ನಿಲ್ಲಿಸಿ ತನ್ನ ಕಂಬಳಿ ಕೊಡವಿದ. ಹಳದಿ ಮರಳು ಸುರಿಯಿತು. ಎಲ್ಲಿಯದು ಎಂದು ಕೈಸನ್ನೆಯಲ್ಲಿ ಕೇಳಿದರೆ "ಜೈಸಲ್ಮೇರ್" ಅಂದ. ನಾನು ಅದನ್ನು ಬಾಚಿ ಜಾಮಿಟ್ರಿ ಬಾಕ್ಸಿನಲ್ಲಿ ತುಂಬಿಕೊಂಡೆ. ಆ ವರ್ಷವಿಡೀ ನನ್ನ ಕೈವಾರ ಕಿರ್ ಕಿರ್ ಅನ್ನುತ್ತಿತ್ತು. ನಾನು ಬರೆದ ವೃತ್ತಗಳೆಲ್ಲ ಮೊಟ್ಟೆಗಳಾದವು. ಗಣಿತದಲ್ಲಿ ನಪಾಸಾದದ್ದಕ್ಕೂ ಮರುಭೂಮಿಯೇ ಕಾರಣ ಎಂದು ನಾನು ಇವತ್ತಿಗೂ ಹೇಳುತ್ತೇನೆ.

ಗಾಡಿ ಸಿಕ್ಕಿದ್ದು ಶಿವಾಜಿನಗರದಲ್ಲಿ. ಅಲ್ಲಿ ಬಾಷಾ ಭಾಯಿ ಎಂಬ ಮೆಕ್ಯಾನಿಕ್ ಇದ್ದರು. ಮಿಲಿಟರಿಯವರು ಹರಾಜು ಹಾಕಿದ ಹಳೆಯ ಮೋಟಾರ್ ಸೈಕಲುಗಳನ್ನು ತಂದು, ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ ಮಾರುವುದು ಅವರ ಕೆಲಸ. ನನ್ನ ಗಾಡಿಯನ್ನು ನನ್ನೆದುರೇ ಬಿಚ್ಚಿದರು. ಏರ್ ಫಿಲ್ಟರಿನ ಡಬ್ಬಿ ತೆಗೆದಾಗ ಒಳಗಿಂದ ಒಂದು ಹಿಡಿ ಹಳದಿ ಮರಳು ಬಿತ್ತು. ನನಗೆ ಮೈ ಝುಮ್ಮೆಂದಿತು. ನನ್ನ ಜಾಮಿಟ್ರಿ ಬಾಕ್ಸಿನ ಮರಳೇ ಅದು.

"ಈ ಗಾಡಿ ಬಾರ್ಡರ್‌ನಲ್ಲಿ ಇತ್ತು ಸಾರ್. ರೇತಿ ಅದಕ್ಕೆ ಗೊತ್ತು, ನಿಮಗೇ ಗೊತ್ತಿಲ್ಲ. ಅದು ಹೆಂಗೆ ಹೇಳ್ತದೋ ಹಂಗೆ ಕೇಳ್ಕೊಂಡು ಹೋಗಿ" ಎಂದರು ಬಾಷಾ ಭಾಯಿ. ಹೊರಡುವ ಗಾಡಿಯ ಚಕ್ರದ ಕೆಳಗಿಡಲು ಗಿರಾಕಿಗಳಿಗಾಗಿ ಅವರೇ ಒಂದು ಬುಟ್ಟಿ ನಿಂಬೆಹಣ್ಣು ಇಟ್ಟಿರುತ್ತಿದ್ದರು. ನನಗೆ ಎರಡರ ಬದಲು ನಾಲ್ಕು ಕೊಟ್ಟರು. ದೂರದ ದಾರಿಯಲ್ಲವೇ.

ಅವ್ವನಿಗೆ ಹೇಳುವುದು ಬಾಕಿ ಇತ್ತು. ಅಪ್ಪ ತೀರಿಕೊಂಡ ಮೇಲೆ ಮನೆ ಮನೆಗೆ ಜೋಳದ ರೊಟ್ಟಿ ತಟ್ಟಿಕೊಟ್ಟು ನಮ್ಮನ್ನು ಸಾಕಿದವಳು ಅವಳು. ಬೆಂಗಳೂರಿಗೆ ಬಂದು ಮೂವತ್ತು ವರ್ಷವಾದರೂ ಅವಳ ಮಾತು ಕಲಬುರಗಿ ಬಿಟ್ಟು ಕದಲಿರಲಿಲ್ಲ. ರೊಟ್ಟಿ ತಟ್ಟುವುದನ್ನು ನಿಲ್ಲಿಸದೆಯೇ ಕೇಳಿಸಿಕೊಂಡಳು.

"ಬಿಸಲು ಸಾಕಾಗಿ ನಾವು ಇಲ್ಲಿಗಿ ಬಂದೀವಿ. ನೀ ನೋಡಿದ್ರ ಬಿಸಲು ನೋಡ್ಲಾಕ ರಜಾ ಹಾಕ್ಲತ್ತಿ. ಅಲ್ಲಿ ಯಾರ್ ಅದಾರ?"

"ಯಾರೂ ಇಲ್ಲ. ಅದಕ್ಕೇ ಹೋಗ್ತಿರೋದು."

"ಯಾರೂ ಇಲ್ಲದ ಕಡಿ ಹೋಗಿ ಏನ್ ಮಾಡ್ತಿ?"

"ಸುಮ್ನೆ ಕೂತ್ಕೋತೀನಿ."

"ಸುಮ್ ಕೂಡ್ಲಾಕ ಅಷ್ಟ್ ದೂರ ಹೋಗ್ಬೇಕಾ? ಇಲ್ಲೇ ಕೂಡು, ನಾ ಮಾತಾಡಿಸಂಗಿಲ್ಲ."

ಅವಳು ಮಾತನಾಡಿಸದೆ ಇದ್ದದ್ದು ಮುಂದಿನ ರೊಟ್ಟಿ ಬೇಯುವವರೆಗೆ. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದಳು. ದಿನವೂ ಬೆಳಗ್ಗೆ ಏಳಕ್ಕೆ ನಾನು ಇದ್ದ ಕಡೆಯಿಂದ ಫೋನು ಮಾಡಬೇಕು.

ಇಲ್ಲಿ ಸುಶೀಲಾ ಟೀಚರ್ ಬಗ್ಗೆ ಹೇಳಬೇಕು. ವಠಾರದ ಮುಂಭಾಗದ ಮನೆಯಲ್ಲಿದ್ದ, ನಿವೃತ್ತರಾದ ಟೀಚರ್. ಎಂಟು ಮನೆಗೆ ಇದ್ದ ಒಂದೇ ಫೋನು ಅವರದು. ಕಸೂತಿ ಬಟ್ಟೆ ಹೊದ್ದು ಸ್ಟೂಲಿನ ಮೇಲೆ ಕೂತಿರುತ್ತಿತ್ತು. ಅವರ ನಂಬರಿನ ಮುಂದೆ ಪಿ.ಪಿ., ಅಂದರೆ ಕರೆದು ಕೊಡುವ ಪಕ್ಕದ ಮನೆಯ ಫೋನು, ಎಂದು ಬರೆದು ವಠಾರದವರೆಲ್ಲ ನೆಂಟರಿಷ್ಟರಿಗೆ ಕೊಟ್ಟಿದ್ದರು. ಯಾರಿಗಾದರೂ ಫೋನು ಬಂದರೆ ಟೀಚರ್ ಅಂಗಳಕ್ಕೆ ಬಂದು ಹಾಜರಿ ಕರೆದಂತೆ ಹೆಸರು ಕೂಗುತ್ತಿದ್ದರು. ನನಗೆ ಬೇಕಾಗಿದ್ದುದು ಇದಲ್ಲ. ದಿನಾ ಬೆಳಗ್ಗೆ ಎಂಟು ಮನೆಯವರ ಎದುರು ಊಟ ಆಯ್ತಾ, ನಿದ್ದೆ ಆಯ್ತಾ ಎಂಬುದಕ್ಕೆ ಉತ್ತರ ಕೊಡುವುದಾದರೆ ಮರುಭೂಮಿಗೆ ಏಕೆ ಹೋಗಬೇಕು? ಆಗ ನನಗೆ ಹೊಳೆದದ್ದು ರಿಂಗು ಕೊಟ್ಟು ಇಡುವ ಉಪಾಯ. ಆ ಕಾಲದಲ್ಲಿ ಬೇರೆ ಊರಿಗೆ ಹೋದವರೆಲ್ಲ ಎಸ್‌ಟಿಡಿ ಬೂತಿನಿಂದ ಒಂದೆರಡು ರಿಂಗು ಕೊಟ್ಟು, ಅತ್ತ ಎತ್ತುವ ಮೊದಲೇ ಇಟ್ಟು, ಕಾಸು ಖರ್ಚಿಲ್ಲದೆ ತಲುಪಿದ ಸುದ್ದಿ ಮುಟ್ಟಿಸುತ್ತಿದ್ದರು. ನಾನು ಅದನ್ನು ಸ್ವಲ್ಪ ಬೆಳೆಸಿದೆ, ಅಷ್ಟೇ. ಎರಡು ರಿಂಗು ಎಂದರೆ ಸುಖವಾಗಿದ್ದೇನೆ. ಮೂರು ಎಂದರೆ ಗಾಡಿ ಕೆಟ್ಟಿದೆ, ಒಂದು ದಿನ ತಡವಾಗುತ್ತದೆ, ಯೋಚನೆ ಬೇಡ. ನಾಲ್ಕು ಎಂದರೆ ಬಿದ್ದಿದ್ದೇನೆ, ಯಾರಾದರೂ ಬನ್ನಿ. ಯಾವ ಕಾರಣಕ್ಕೂ ಯಾರೂ ಫೋನು ಎತ್ತಬಾರದು.

ಟೀಚರಿಗೆ ಈ ನಿಯಮ ಬಹಳ ಹಿಡಿಸಿತು. ನನ್ನ ಪ್ರಯಾಣದ ಪಟ್ಟಿಯನ್ನು ಕ್ಯಾಲೆಂಡರಿನ ಪಕ್ಕ ಅಂಟಿಸಿದರು. ಯಾವ ದಿನ ಯಾವ ಊರು ಎಂದು ಅದರಲ್ಲಿತ್ತು. ಕೊನೆಯ ಸಾಲು, ಜೈಸಲ್ಮೇರ್, ಮೂರು ದಿನ, ವಿಶ್ರಾಂತಿ.

ದೀಪಾವಳಿ ಕಳೆದ ಮೇಲೆ ಒಂದು ಬೆಳಗ್ಗೆ ಹೊರಟೆ. ಹಿಂದಿನ ಸೀಟಿನ ಮೇಲೆ ಅವ್ವ ಕಟ್ಟಿದ ಗಂಟು. ಅದರಲ್ಲಿ ನಲವತ್ತು ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಕಿ ಟೋಪಿ. ತಿಂಗಳಾದರೂ ಕೆಡದ ರೊಟ್ಟಿ ಅವು. ಕೆಡಲೂ ಇಲ್ಲ. ಆದರೆ ನನ್ನ ಗಾಡಿಯ ಅಲುಗಾಟಕ್ಕೆ ಹುಬ್ಬಳ್ಳಿ ದಾಟುವಾಗ ಚೂರಾದವು, ಪುಣೆ ಬರುವಾಗ ರವೆಯಾದವು, ಅಹಮದಾಬಾದಿನಲ್ಲಿ ಗಂಟು ಬಿಚ್ಚಿದರೆ ಹಿಟ್ಟು. ಹಿಟ್ಟಿನಿಂದ ರೊಟ್ಟಿಯಾದದ್ದು ಮತ್ತೆ ಹಿಟ್ಟಾಗಿ ನನ್ನ ಮುಂದೆ ಕೂತಿತ್ತು. ಅದಕ್ಕೆ ಮೊಸರು ಕಲಸಿ ತಿಂದೆ. ಬಹಳ ರುಚಿಯಾಗಿತ್ತು.

ಪಾಲಿ ದಾಟಿದ ಮೇಲೆ ಕ್ಲಚ್ ಕೇಬಲ್ ತುಂಡಾಯಿತು. ಹಾಗೂ ಹೀಗೂ ಜೋಧಪುರ ಸೇರಿಕೊಂಡೆ. ಸೋಮವಾರ ಬೆಳಗ್ಗೆ ಏಳಕ್ಕೆ ಸರಿಯಾಗಿ ಬೂತಿಗೆ ಹೋಗಿ ನಂಬರು ಒತ್ತಿ, ಕಿವಿಗೆ ರಿಸೀವರ್ ಹಿಡಿದು ಮೂರು ರಿಂಗು ಎಣಿಸಿ ಇಟ್ಟೆ. ಗಾಡಿ ಕೆಟ್ಟಿದೆ, ಯೋಚನೆ ಬೇಡ. ನನ್ನ ಉಪಾಯದ ಬಗ್ಗೆ ನನಗೇ ಹೆಮ್ಮೆಯಾಗಿ ಒಂದು ಲೋಟ ಲಸ್ಸಿ ಕುಡಿದೆ. ಸಂಜೆಯೊಳಗೆ ಕೇಬಲ್ ಸರಿಹೋಯಿತು. ಮಂಗಳವಾರ ಬೆಳಗ್ಗೆ ಎರಡು ರಿಂಗು ಕೊಟ್ಟು ಹೊರಟೆ.

ಆ ರಸ್ತೆಯ ಬಗ್ಗೆ ಹೇಗೆ ಹೇಳಲಿ? ನೂರಾರು ವರ್ಷ ಒಂಟೆಗಳ ಸಾಲು ಸರಕು ಹೊತ್ತು ಸಿಂಧ್ ಕಡೆಗೆ ಹೋದ ದಾರಿ ಅದು. ಅದರ ಮೇಲೇ ಈಗ ಟಾರು. ಎಡಕ್ಕೂ ಬಲಕ್ಕೂ ಏನೂ ಇಲ್ಲ. ಜಾಲಿಗಿಡ, ಮರಳು, ಮತ್ತೆ ಜಾಲಿಗಿಡ. ಅಲ್ಲೊಂದು ಇಲ್ಲೊಂದು ಕಲ್ಲಿನ ಛತ್ರಿಮಂಟಪ, ಸತ್ತ ಯಾವುದೋ ಸರದಾರನ ನೆನಪಿಗೆ ಕಟ್ಟಿದ್ದು. ಸಾರ್ಥವಾಹರು ಒಂಟೆಗಳಿಗೆ ನೀರು ಕುಡಿಸುತ್ತಿದ್ದ ಮೆಟ್ಟಿಲು ಬಾವಿ. ನನ್ನ ಗಾಡಿ ಬಾಷಾ ಭಾಯಿ ಹೇಳಿದ ಹಾಗೆಯೇ ತವರಿಗೆ ಬಂದ ಹೆಣ್ಣುಮಗಳಂತೆ ನುಗ್ಗುತ್ತಿತ್ತು. ನಾನು ಗಂಟಲು ಹರಿಯುವಂತೆ ಹಾಡಿದೆ. ಪದ ಮರೆತಲ್ಲಿ ವಠಾರದವರ ಹೆಸರುಗಳನ್ನು ಸೇರಿಸಿ ಹಾಡಿದೆ. ರಸ್ತೆ ನಡುವೆ ನಿಂತ ಒಂಟೆಗೆ "ಗುರು, ಸ್ವಲ್ಪ ಸೈಡ್ ಕೊಡು" ಎಂದೆ. ಅದು ನನ್ನನ್ನು ಬಿ.ಡಿ.ಎ. ಕಚೇರಿಯ ಗುಮಾಸ್ತನಂತೆ ನೋಡಿ ತನಗೆ ಬೇಕಾದಾಗ ಸರಿಯಿತು. ಒಂದು ಬಾವಿಯ ಕಟ್ಟೆಯ ಮೇಲೆ ನಿಂತು ನನ್ನ ಹೆಸರನ್ನು ನಾನೇ ಜೋರಾಗಿ ಕೂಗಿದೆ. ಯಾರೂ ಏನೆಂದು ಕೇಳಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಖುಷಿ ನನಗೆ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಈಗ ಇನ್ನೊಂದು ಸತ್ಯವನ್ನೂ ಹೇಳಿಬಿಡುತ್ತೇನೆ. ಈ ಒಂಟಿತನದ ಸುಖ ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ಇತ್ತು. ಮೂರೂಕಾಲಿಗೆ ಆಡು ಮೇಯಿಸುವ ಮುದುಕನೊಬ್ಬ ಸಿಕ್ಕಿದ. ಅವನಿಗೆ ನಮ್ಮ ಮನೆಯ ಏಳು ಜನರ ಹೆಸರು, ವಯಸ್ಸು, ಅಣ್ಣನ ಸ್ವಭಾವ, ಅತ್ತಿಗೆಯ ಸಾರು, ನಲ್ಲಿಯ ಜಗಳ ಎಲ್ಲವನ್ನೂ ಹರಕು ಹಿಂದಿಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಹೊತ್ತು ಇಳಿದಿತ್ತು. ಅವನು ಎದ್ದು ಹೋದದ್ದು ಆಡುಗಳಿಗಾಗಿಯೋ ನನ್ನಿಂದ ತಪ್ಪಿಸಿಕೊಳ್ಳಲೋ ತಿಳಿಯದು.

ಬುಧವಾರ ಬೆಳಗ್ಗೆ ಪೋಖರಣದ ಬೂತಿನಿಂದ ರಿಂಗು ಕೊಟ್ಟೆ. ಮೊದಲ ರಿಂಗು ಮುಗಿಯುವ ಮೊದಲೇ ಅತ್ತ ಯಾರೋ ಎತ್ತಿ "ಡೇಯ್" ಅಂದರು. ಟೀಚರ ದನಿ. ನಿಯಮ ಮೆಚ್ಚಿದವರೇ ನಿಯಮ ಮುರಿದರಲ್ಲ ಎಂದು ಸಿಟ್ಟು ಬಂದು ತಕ್ಷಣ ಕಟ್ ಮಾಡಿದೆ. ಗುರುವಾರ ಜೈಸಲ್ಮೇರಿನಿಂದ ಮಾಡಿದೆ. ಮತ್ತೆ "ಡೇಯ್, ಕಟ್ ಮಾಡ್" ಎಂದು ಕೇಳಿಸಿತು. ಅವರೇ ಕಟ್ ಮಾಡು ಅನ್ನುತ್ತಿದ್ದಾರಲ್ಲ ಎಂದು ವಿಧೇಯನಾಗಿ ಕಟ್ ಮಾಡಿದೆ. ಅವರು "ಕಟ್ ಮಾಡ್ಬೇಡ" ಎನ್ನಲು ಹೊರಟಿದ್ದರು ಎಂಬುದು ಆಮೇಲೆ ತಿಳಿಯಿತು.

ಶುಕ್ರವಾರ ನನ್ನ ಪಾಲಿನ ಮಹಾದಿನ. ಅಂದು ಊರ ಹೊರಗಿನ ಮರಳುದಿಬ್ಬಗಳಿಗೆ ಹೋಗಿ ಇಡೀ ದಿನ ಒಬ್ಬನೇ ಕೂರುವುದೆಂದು ನಿಶ್ಚಯಿಸಿದ್ದೆ. ಏಳಕ್ಕೆ ಎರಡು ರಿಂಗು ಕೊಟ್ಟು ಹೊರಡೋಣವೆಂದು ಬೂತಿಗೆ ಬಂದೆ.

ಬೂತಿನ ಮುಂದಿನ ಬೆಂಚಿನ ಮೇಲೆ ನಮ್ಮ ಅವ್ವ ಕೂತಿದ್ದಳು.

ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ತೊಡೆಯ ಮೇಲೆ ಗಂಟು. ಕೈಯಲ್ಲಿ ಬೂತಿನ ಮುದುಕ ಕೊಟ್ಟ ಚಹಾ. ನಾನು ಕಣ್ಣು ಉಜ್ಜಿಕೊಂಡೆ. ಮರುಭೂಮಿಯಲ್ಲಿ ಇಲ್ಲದ ನೀರು ಕಾಣುತ್ತದೆ ಎಂದು ಓದಿದ್ದೆ. ಇಲ್ಲದ ತಾಯಿ ಕಾಣುತ್ತಾಳೆ ಎಂದು ಎಲ್ಲೂ ಬರೆದಿರಲಿಲ್ಲ.

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಎರಡು ಕೈ, ಎರಡು ಕಾಲು ಇರುವುದನ್ನು ಖಾತ್ರಿ ಮಾಡಿಕೊಂಡಳು.

"ಬಾರಿಸು. ಎಷ್ಟ್ ಸಲ ಬಾರಿಸ್ತಿ ನಾನೂ ನೋಡ್ತೀನಿ" ಅಂದಳು.

ನಡೆದದ್ದು ಇಷ್ಟು. ಸೋಮವಾರ ನಾನು ಜೋಧಪುರದಲ್ಲಿ ಕೊಟ್ಟ ಮೂರು ರಿಂಗು ಹಲಸೂರಿನಲ್ಲಿ ನಾಲ್ಕಾಗಿ ಕೇಳಿಸಿತ್ತು. ಟೀಚರ್ ಅಂಗಳಕ್ಕೆ ಬಂದು "ನಾಲ್ಕು" ಎಂದು ಕೂಗಿದರಂತೆ. ವಠಾರದ ಗಂಡಸರೆಲ್ಲ ಸೇರಿ ಯಾರು ಹೋಗಬೇಕೆಂದು ಚರ್ಚೆಗೆ ಕೂತರು. ಅಣ್ಣನಿಗೆ ರಜೆ ಸಿಗುವುದು ಬುಧವಾರ. ಒಬ್ಬರಿಗೆ ಹಿಂದಿ ಬಾರದು, ಇನ್ನೊಬ್ಬರಿಗೆ ರೈಲು ಆಗದು. ಅವರ ಎರಡನೆಯ ಕಾಫಿ ಮುಗಿಯುವ ಹೊತ್ತಿಗೆ ಅವ್ವ ಗಂಟು ಕಟ್ಟಿಕೊಂಡು ಶಿವಾಜಿನಗರಕ್ಕೆ ನಡೆದುಬಿಟ್ಟಿದ್ದಳು. ಗಾಡಿಗೆ ಏನಾಗಿದ್ದೀತು ಎಂದು ಬಾಷಾ ಭಾಯಿಯನ್ನು ಕೇಳಲು. ಅದೇ ದಿನ ಬಾಷಾ ಭಾಯಿಯ ಓಣಿಯ ಆರೇಳು ಹೆಂಗಸರು ಅಜ್ಮೀರಿನ ದರ್ಗಾಕ್ಕೆ ಹೊರಟಿದ್ದರು. ಅವ್ವ ಹುಟ್ಟಿ ಬೆಳೆದದ್ದು ಕಲಬುರಗಿಯ ದರ್ಗಾದ ಆಸುಪಾಸಿನಲ್ಲಿ. ಅವಳಿಗೆ ದಖನಿ ಮಾತು ಕನ್ನಡದಷ್ಟೇ ಸಲೀಸು. ಅವರ ಜೊತೆ ಅಜ್ಮೀರಿನವರೆಗೆ. ಅಲ್ಲಿಂದ ಮುಂದೆ ಎರಡು ರೈಲು, ಒಬ್ಬಳೇ.

ಮಂಗಳವಾರದ ಎರಡು ರಿಂಗು ಕೇಳಿ ವಠಾರಕ್ಕೆಲ್ಲ ಹಬ್ಬವಾಯಿತಂತೆ. ಹಬ್ಬದ ನಡುವೆ ಅತ್ತಿಗೆ "ಹಂಗಾದ್ರೆ ಅತ್ತೆ?" ಎಂದರಂತೆ. ಅಲ್ಲಿಂದ ಮುಂದೆ ಟೀಚರ್ ಏಳು ಗಂಟೆಗೆ ರಿಸೀವರ್ ಮೇಲೆ ಕೈಯಿಟ್ಟೇ ಕೂತಿರುತ್ತಿದ್ದರು.

"ನನ್ನ ಹೆಂಗ್ ಹುಡುಕ್ದೆ?" ಎಂದು ಕೇಳಿದೆ.

"ಅದ್ರಾಗೇನದ? ಕೈ ಮುರೀಲಿ, ಕಾಲು ಮುರೀಲಿ, ಏಳಕ್ಕ ನೀ ಫೋನ್ ಹತ್ರ ಬಂದೇ ಬರ್ತಿ. ನಿನಗ ಬರ್ಲಾಕ ಆಗ್ಲಿಲ್ಲಂದ್ರ ಯಾರ್ನರ ಕಳಸ್ತಿ. ಆ ಚೀಟಿನಾಗ ಕಡೀಗಿ ಜೈಸಲ್ಮೇರ್, ಮೂರು ದಿನ ಅಂತ ಬರ್ದಿತ್ತು. ಬಿದ್ರೂ ನೀ ಅಲ್ಲಿಗಿ ಮುಟ್ಟದೆ ಬಿಡಂಗಿಲ್ಲಂತ ನಂಗ ಗೊತ್ತಿತ್ತು. ಇಳದ್ ಕೂಡ್ಲೆ ಫೋನಿನ ಅಂಗಡಿ ಕೇಳ್ದೆ."

ಮೂರು ಬೂತುಗಳಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಬೆಂಗ್ಳೂರ್ ಕಾ ಛೋಕ್ರಾ. ಫೋನ್ ಬಜಾಕೆ ರಖ್ ದೇತಾ, ಬಾತ್ ನೈ ಕರ್ತಾ. ದೇಖೆ ಕ್ಯಾ?" ಫೋನು ಬಾರಿಸಿ ಮಾತಾಡದೆ ಇಡುವ ಬೆಂಗಳೂರಿನ ಹುಡುಗ. ಈ ಬೂತಿನ ಮುದುಕನಿಗೆ ನನ್ನ ಗುರುತು ಚೆನ್ನಾಗಿಯೇ ಹತ್ತಿತ್ತು. ಮಾತಾಡದ ಗಿರಾಕಿಯನ್ನು ಯಾವ ಬೂತಿನವನು ಮರೆಯುತ್ತಾನೆ? ಮೂರು ನಾಲ್ಕಾದ ಒಗಟನ್ನು ಬಿಡಿಸಿದವನೂ ಅವನೇ. ನಮ್ಮ ಕಿವಿಗೆ ಕೇಳುವ ರಿಂಗು ನಮ್ಮ ಸಮಾಧಾನಕ್ಕೆಂದು ಎಕ್ಸ್‌ಚೇಂಜಿನಿಂದ ಕೇಳಿಸುವುದಂತೆ. ಅತ್ತ ಮನೆಯಲ್ಲಿ ಬಾರಿಸುವ ಗಂಟೆ ಬೇರೆ. ಒಂದು ಹೆಚ್ಚು ಕಡಿಮೆ ಆಗಿಯೇ ಆಗುತ್ತದಂತೆ. ಅಲ್ಲಿಯವರೆಗೆ ಎರಡು ಎರಡಾಗಿಯೇ ಕೇಳಿಸುತ್ತಿದ್ದುದು ನನ್ನ ಪುಣ್ಯ. ಹತ್ತು ವರ್ಷ ಬೂತು ಇಟ್ಟವನಿಗೆ ಗೊತ್ತಿದ್ದದ್ದು ಫಿಟ್ಟರಾದ ನನಗೆ ಗೊತ್ತಿರಲಿಲ್ಲ.

ನನಗೆ ಮೊದಲು ಬಂದದ್ದು ಸಿಟ್ಟು. ಸುಳ್ಳು ಹೇಳುವುದಿಲ್ಲ. ಒಂದು ದಿನ ಒಬ್ಬನೇ ಇರಬೇಕೆಂದು ಎರಡು ಸಾವಿರ ಕಿಲೋಮೀಟರು ಬಂದಿದ್ದೆ. ಆ ದಿನದ ಬೆಳಗ್ಗೆ ಏಳಕ್ಕೆ ಅವ್ವ ಎದುರು ಕೂತು "ನಾಷ್ಟಾ ಆಯ್ತಾ?" ಅನ್ನುತ್ತಿದ್ದಳು. ಮುಖ ಗಂಟಿಕ್ಕಿಕೊಂಡೇ ಅವಳನ್ನು ಹಿಂದೆ ಕೂರಿಸಿಕೊಂಡೆ. ಅವಳು ಮೋಟಾರ್ ಸೈಕಲ್ ಹತ್ತಿದ್ದು ಅದೇ ಮೊದಲು. ಎರಡೂ ಕಾಲು ಒಂದೇ ಕಡೆ ಹಾಕಿ, ಒಂದು ಕೈಯಲ್ಲಿ ಗಂಟು, ಇನ್ನೊಂದರಲ್ಲಿ ನನ್ನ ಭುಜ ಹಿಡಿದು ಕೂತಳು. ಊರು ದಾಟುವವರೆಗೆ ಸೀಟಿನ ಮೇಲೆ ಹದವಾಗಿ ಕೂರುವುದರಲ್ಲೇ ಇದ್ದಳು. ಆಮೇಲೆ ಶುರುವಾಯಿತು.

ಅದೇನು ಮಾತು. ಗುಂತಕಲ್ಲಿನಲ್ಲಿ ಯಾರ ಜೊತೆ ಇಡ್ಲಿ ಹಂಚಿಕೊಂಡಳು. ಅಜ್ಮೀರಿನಲ್ಲಿ ಬೀಳ್ಕೊಡುವಾಗ ಜೊತೆಯ ಮಸ್ತಾನಬಿ ಎಂಬಾಕೆ ಹೇಗೆ ಇವಳ ಕೈಹಿಡಿದು ಅತ್ತಳು. ಟಿಕೆಟ್ ಕೇಳಲು ಬಂದವನಿಗೆ ಹೇಗೆ ರೊಟ್ಟಿ ತಿನ್ನಿಸಿದಳು. ಜೋಧಪುರದಲ್ಲಿ ಪೊಲೀಸನೊಬ್ಬ ಇವಳನ್ನು "ಮಾಂಜೀ", ಅಮ್ಮಾ, ಎಂದು ಕರೆದು ಸೀಟು ಹಿಡಿದುಕೊಟ್ಟದ್ದು. ಒಂಬತ್ತು ದಿನದ ನನ್ನ ಪ್ರಯಾಣಕ್ಕಿಂತ ನಾಲ್ಕು ದಿನದ ಅವಳ ಪ್ರಯಾಣ ಎಷ್ಟೋ ಚೆನ್ನಾಗಿತ್ತು. ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿತ್ತು. ಸೆರಗು ಗಾಳಿಗೆ ಹಾರಿ ಹೋಗಿತ್ತು. ಅದನ್ನು ಎಳೆದುಕೊಳ್ಳುವುದನ್ನೂ ಮರೆತು ನಗುತ್ತಿದ್ದಳು.

"ಮಗಾ, ಅಜ್ಮೀರದಿಂದ ನಾ ಒಬ್ಬಾಕೀನೇ ಬಂದೀನಿ ನೋಡು" ಅಂದಳು. ಸ್ವಲ್ಪ ದೂರ ಹೋದ ಮೇಲೆ ಮತ್ತೆ, "ಒಬ್ಬಾಕೀನೇ" ಅಂದಳು.

ಆಗ ನನ್ನ ಸಿಟ್ಟು ಎಲ್ಲಿ ಹೋಯಿತೋ. ನನಗೆ ಇಪ್ಪತ್ತೆಂಟು ವರ್ಷ ಹೊರಗೆ ನಿಂತು "ಆಯ್ತಾ?" ಅಂದವರಿದ್ದರು. ಅವಳಿಗೆ ಐವತ್ತೆಂಟು ವರ್ಷ. ಬಚ್ಚಲಿನ ಬಾಗಿಲು ಬಡಿಯುವವರಿಗೆಲ್ಲ ಮೊದಲು ನೀರು ಕಾಯಿಸಿಟ್ಟವಳು ಅವಳೇ. ಅವಳಿಗೂ ಅಂಥ ಆಸೆ ಇರಬಹುದೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ನಾ ಎಂಥ ದಡ್ಡ ಎಂದು ನನಗೇ ನಾಚಿಕೆಯಾಯಿತು.

ದಿಬ್ಬಗಳ ಬಳಿ ಗಾಡಿ ನಿಲ್ಲಿಸಿದೆ. ಕಣ್ಣು ಹಾಯುವಷ್ಟೂ ಜಾಮಿಟ್ರಿ ಬಾಕ್ಸಿನ ಮರಳು. ಅವ್ವ ಚಪ್ಪಲಿ ಬಿಟ್ಟು ನಾಲ್ಕು ಹೆಜ್ಜೆ ನಡೆದಳು. ಒಂದು ಹಿಡಿ ಮರಳೆತ್ತಿ ಬೆರಳ ಸಂದಿಯಿಂದ ಇಳಿಬಿಟ್ಟಳು. "ಭಾಳ ಸಣ್ಣಗ ಬೀಸ್ಯಾರ" ಎಂದು ಮೆಚ್ಚಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ನೀ ಅತ್ಲಾಗ ಹೋಗ್ತೀ? ಸ್ವಲ್ಪ ಹೊತ್ತು ನಾ ಒಬ್ಬಾಕೀನೇ ಕೂಡ್ತೀನಿ."

ನಾನು ದಿಬ್ಬದ ಆಚೆ ಹೋಗಿ ಗಾಡಿಯ ನೆರಳಿನಲ್ಲಿ ಕೂತೆ. ನನ್ನ ಪಾಲಿಗೆ ಬಂದ ದಿನವನ್ನು ಅವಳು ತೆಗೆದುಕೊಂಡಳು. ನನಗೆ ಬೇಜಾರಾಗಲಿಲ್ಲ. ಒಂದು ಗಂಟೆಯಾಯಿತು, ಎರಡಾಯಿತು. ದಿಬ್ಬದ ಮೇಲೆ ಅವಳ ಕೆಂಪು ಸೆರಗಿನ ತುದಿ ಮಾತ್ರ ಕಾಣುತ್ತಿತ್ತು. ಹಸಿವಾಗತೊಡಗಿತು. "ಆಯ್ತಾ?" ಎಂಬ ಮಾತು ಗಂಟಲಿನವರೆಗೆ ಬಂತು. ಅಂದು ನಾನು ಅದನ್ನು ನುಂಗಿಕೊಂಡು ಕೂತದ್ದು ನನ್ನ ಜೀವನದ ದೊಡ್ಡ ಸಾಧನೆ ಎಂದುಕೊಂಡಿದ್ದೇನೆ.

ವಾಪಸು ಬರುವಾಗ ಹಿಂದೆ ಕೂತು ಬಾ ಎಂದರೆ ಅವಳು ಒಪ್ಪಲಿಲ್ಲ. "ನೀ ನಿನ್ನ ಗಾಡಿ ಮ್ಯಾಲ ಬಾ. ನಾ ರೈಲಿನಾಗ ಹೋಗ್ತೀನಿ" ಎಂದು ಅಜ್ಮೀರಿಗೆ ಹೋಗಿ ಶಿವಾಜಿನಗರದ ಹೆಂಗಸರನ್ನು ಕೂಡಿಕೊಂಡಳು. ನಾನು ಬೆಂಗಳೂರು ಮುಟ್ಟುವಾಗ ಅವಳು ಬಂದು ನಾಲ್ಕು ದಿನವಾಗಿತ್ತು. ವಠಾರದವರೆಲ್ಲ ಮರುಭೂಮಿಯ ವಿಷಯವನ್ನು ಅವಳಿಂದ ಕೇಳಿ ಮುಗಿಸಿದ್ದರು. ನನ್ನ ಕಥೆ ಕೇಳಲು ಉಳಿದವರು ಬಾಷಾ ಭಾಯಿ ಒಬ್ಬರೇ. ಅವರಿಗೂ ಬೇಕಾಗಿದ್ದುದು ಕೇಬಲಿನ ಕಥೆ.

ಆವತ್ತಿನಿಂದ ಅವ್ವ ವರ್ಷಕ್ಕೊಮ್ಮೆ ಆ ಹೆಂಗಸರ ಜೊತೆ ಅಜ್ಮೀರಿಗೆ ಹೋಗುತ್ತಾಳೆ. ಅವರನ್ನು ಅಲ್ಲಿ ಬಿಟ್ಟು ಮುಂದೆ ಎಲ್ಲಿಗೋ ಒಬ್ಬಳೇ ಎರಡು ದಿನ ಹೋಗಿ ಬರುತ್ತಾಳೆ. ಎಲ್ಲಿಗೆ ಎಂದು ನಾವು ಕೇಳುವುದಿಲ್ಲ. ಈಗ ಎಪ್ಪತ್ತು ಸಮೀಪಿಸಿದೆ. ನಾವು ಕೊಡಿಸಿದ ಮೊಬೈಲ್ ಸೊಂಟದ ಚೀಲದಲ್ಲಿ ಇರುತ್ತದೆ. ಮಾತಾಡು ಎಂದರೆ ಮಾತಾಡುವುದಿಲ್ಲ. ಬೆಳಗ್ಗೆ ಏಳಕ್ಕೆ ಎರಡು ರಿಂಗು ಕೊಟ್ಟು ಇಡುತ್ತಾಳೆ.

ಮೊನ್ನೆ ಮಗಳು ನನ್ನ ಲೆಕ್ಕದ ಬಗ್ಗೆ ಕೇಳಿದಳೆಂದೆನಲ್ಲ, ಅವತ್ತು ಅವ್ವ ಅಜ್ಮೀರು ದಾಟಿದ್ದಳು. ಮರುದಿನ ಏಳಕ್ಕೆ ಫೋನು ಬಂತು. ಒಂದು, ಎರಡು. ನಾನು ನೆಮ್ಮದಿಯಾಗಿ ಪೇಪರ್ ಬಿಡಿಸಿದೆ. ಮೂರು. ಮೂರಕ್ಕೆ ಎದ್ದು ನಿಂತೆ. ನಾಲ್ಕು. ಐದನೆಯದು ಬಂತೋ ಇಲ್ಲವೋ ಗೊತ್ತಿಲ್ಲ. ಬೂಟಿನೊಳಗೆ ಕಾಲು, ಕೈಯಲ್ಲಿ ಬೀಗದಕೈ, ನಾನು ಆಗಲೇ ಮೆಟ್ಟಿಲು ಇಳಿದು ಗೇಟಿನ ಪಕ್ಕದ ಹಳೆಯ ಗಾಡಿಯ ಮೇಲಿದ್ದೆ. ದಿನಾ ಹತ್ತು ಒದೆ ತಿಂದರೂ ಕೆಮ್ಮುವ ಗಾಡಿ ಅಂದು ಒಂದೇ ಒದೆತಕ್ಕೆ ಹೊತ್ತಿಕೊಂಡಿತು. ಅಜ್ಮೀರಿಗೆ ಎಷ್ಟು ದಿನ, ಯಾವ ದಾರಿ, ಪೆಟ್ರೋಲ್ ಎಲ್ಲಿ, ಯಾವುದೂ ತಲೆಯಲ್ಲಿ ಇರಲಿಲ್ಲ.

ಮೇಲಿನ ಬಾಲ್ಕನಿಯಿಂದ ಮಗಳು ಕೂಗಿದಳು.

"ಅಪ್ಪಾ, ಅಜ್ಜಿ ಫೋನು. ಆಫ್ ಮಾಡೋ ಬಟನ್ ಸಿಗ್ಲಿಲ್ವಂತೆ. ಎರಡೇ ಅಂತ ತಿಳ್ಕೋಬೇಕಂತೆ."

ನಾನು ಉಸಿರು ಬಿಟ್ಟೆ. ಅವಳು ಫೋನಿಗೆ ಮತ್ತೆ ಕಿವಿ ಕೊಟ್ಟು, ಆಮೇಲೆ ಇನ್ನಷ್ಟು ಬಗ್ಗಿದಳು.

"ಅಪ್ಪಾ, ಬೂಟು ಹಾಕ್ಕೊಂಡ್‌ಬಿಟ್ಟಿದ್ದಾನಾ ನೋಡು ಅಂತಿದಾರೆ. ಬಿಚ್ಚಬೇಕಂತೆ."

ಗಾಡಿ ಗುಡುಗುತ್ತಲೇ ಇತ್ತು. ಆರಿಸಲು ಮನಸ್ಸಾಗಲಿಲ್ಲ. ಓಲ್ಡ್ ಮದರಾಸ್ ರೋಡಿಗೆ ಇಳಿದು, ಮೆಟ್ರೋಗೆ ಅಗೆದ ಗುಂಡಿಗಳನ್ನು ಸುತ್ತಿಕೊಂಡು, ಮೈಲಿಗಲ್ಲು ಇದ್ದ ಜಾಗ ದಾಟಿ, ಕೆ.ಆರ್. ಪುರದ ತೂಗುಸೇತುವೆಯವರೆಗೆ ಹೋಗಿ ಬಂದೆ. ಒಬ್ಬನೇ.